ಸಂಘದ ಸ್ಲ್ಯಾಬು

ಸ್ಲ್ಯಾಬಿಗೆ ಹಲಗೆ-ಕಂಬ ಕಟ್ಟಿಸುವ ಕುಡಚಿಯ ಸೆಂಟ್ರಿಂಗ್ ಚಾಚಾ ನಮ್ಮ ಗುತ್ತಿಗೆದಾರರ ಸಂಘದ ಅಧ್ಯಕ್ಷರಾಗಿದ್ದರು. ಸಭೆಯಲ್ಲಿ ಯಾರಾದರೂ ತಕರಾರು ತೆಗೆದರೆ ಹೆಗಲ ಮೇಲಿನ ಟವೆಲ್ ಕೊಡವಿ, "ಮೊದಲ ಕೈ ಹಚ್ಚರಿ, ಮಾತು ಆಮ್ಯಾಲ" ಅನ್ನೋರು.

ಊರಿಗೆಲ್ಲ ಮನೆ ಕಟ್ಟಿದ ನಮಗೆ ಸ್ವಂತ ಕಚೇರಿ ಇರಲಿಲ್ಲ. ಕಡೆಗೂ ರಾಯಬಾಗದಲ್ಲಿ ಅದರ ಸ್ಲ್ಯಾಬ್ ಹಾಕುವ ದಿನ ಬಂತು. ಅಥಣಿ, ಚಿಕ್ಕೋಡಿಯಿಂದಲೂ ಗುತ್ತಿಗೆದಾರರು ಇಸ್ತ್ರಿ ಅಂಗಿ ತೊಟ್ಟು ಬಂದರು. ಮಿಕ್ಸರ್ ತಿರುಗಿ ಕಾಂಕ್ರೀಟು ನೆಲಕ್ಕೆ ಸುರಿದಾಗ ಗೊತ್ತಾಯಿತು, ಅದನ್ನು ಹೊರಲು ಒಬ್ಬ ಆಳೂ ಇಲ್ಲ. ಆಳುಗಳನ್ನು ಇನ್ನೊಬ್ಬರು ತರುತ್ತಾರೆ ಅಂದುಕೊಂಡು ಎಲ್ಲರೂ ಬರಿಗೈಲಿ ಬಂದಿದ್ದೆವು. ಅಲ್ಲಿದ್ದವರೆಲ್ಲ ಹುಕುಂ ಕೊಡುವವರೇ!

"ಆಳು ಯಾರು ಕರಕೊಂಡ ಬರಬೇಕಿತ್ರಿ?" ಅಂತ ನಿಪ್ಪಾಣಿಯವನೊಬ್ಬ ಶುರು ಮಾಡಿದ.

"ಕಾಂಕ್ರೀಟ್ ಗಟ್ಟಿ ಆಗಾಕತ್ತೈತಿ, ನಮ್ಮ ಮರ್ಯಾದಿ ಹೋಗತೈತಿ!" ಅಂತ ನಾನು ಕೂಗಿದೆ.

ಚಾಚಾ ಈ ಸಲ ಟವೆಲ್ ಕೊಡವಲಿಲ್ಲ. ಅದನ್ನು ತಲೆಗೆ ಸುತ್ತಿ, ಬುಟ್ಟಿ ಹೊತ್ತು ಏಣಿ ಹತ್ತಿದರು. ಇನ್ನು ನಿಂತು ನೋಡುವವರು ಯಾರು? ಸಾಲುಗಟ್ಟಿ ಬುಟ್ಟಿ ದಾಟಿಸಿದೆವು. ಸಂಜೆಗೆ ಸ್ಲ್ಯಾಬ್ ಮುಗಿಯಿತು. ಇಸ್ತ್ರಿ ಅಂಗಿ ಒಂದೂ ಉಳಿಯಲಿಲ್ಲ.

"ಚಾಚಾ, ಈಗರ ಮಾತಾಡ್ರಿ!" ಎಂದೆವು.

ಏಣಿಯ ಮೇಲೆ ನಿಂತೇ ಅವರು ಸಿಮೆಂಟ್ ಮೆತ್ತಿದ ಎರಡೂ ಕೈ ಎತ್ತಿದರು. ಕೆಳಗೆ ನಾವೂ ಎತ್ತಿದೆವು. ಯಾರ ಕೈ ಯಾವುದು ಅಂತ ಗುರುತೇ ಸಿಗಲಿಲ್ಲ.