ಸುಟ್ಟ ತಾಮ್ರದ ದನಗಳು

ಸುಟ್ಟುಹೋದ ಮೋಟಾರಿನಿಂದ ಬಿಚ್ಚಿದ ಹಳೇ ತಾಮ್ರ ಯಾರದು ಎಂಬುದರಲ್ಲಿ ನಮ್ಮ ಕಸುಬಿನವರಿಗೆ ಗೊಂದಲವಿಲ್ಲ. ಅದು ಮೋಟಾರು ತಂದವರದು. ಅವರು ಚೀಲದಲ್ಲಿ ಕಟ್ಟಿಕೊಂಡು ಹೋಗಬಹುದು, ಇಲ್ಲವೇ ಕೂಲಿಯಲ್ಲಿ ಮುರಿದುಕೊಳ್ಳಿ ಎನ್ನಬಹುದು. ಕಡೂರಿನಲ್ಲಿ ನನ್ನದು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ. ಬೇಸಗೆಯಲ್ಲಿ ಬೋರ್‌ವೆಲ್ ಮೋಟಾರುಗಳು ಒಂದರ ಹಿಂದೊಂದು ಬರುತ್ತವೆ. ಮಳೆ ಹಿಡಿದರೆ ಕೆಲಸ ನಿಂತುಹೋಗುತ್ತದೆ. ಸುರುಳಿ ಬಿಚ್ಚುವಾಗ ತುಂಡಾಗಿ ನೆಲಕ್ಕೆ ಉದುರುವ ಬೆರಳುದ್ದದ ಚೂರುಗಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಗುಡಿಸಿ ಡಬ್ಬಕ್ಕೆ ಹಾಕುತ್ತಿದ್ದೆ.

ಒಂದು ಮಳೆಗಾಲ ಕೆಲಸವಿಲ್ಲದೆ ಕೂತವನು ಆ ಚೂರುಗಳನ್ನು ಹೆಣೆದು ಒಂದು ಹೋರಿ ಮಾಡಿದೆ. ಅಮೃತಮಹಲ್ ಹೋರಿ. ನನ್ನ ತಾಯಿಯ ತವರು ಅಜ್ಜಂಪುರ. ಚಿಕ್ಕಂದಿನಲ್ಲಿ ಅಲ್ಲಿಗೆ ಹೋದಾಗಲೆಲ್ಲ ಕಾವಲಿನ ಹುಲ್ಲು ಬಯಲಿನಲ್ಲಿ ಮೇಯುವ ಆ ದನಗಳನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಹಿಂದಕ್ಕೆ ಬಾಗಿ ಮತ್ತೆ ಮೇಲೇಳುವ ಆ ಉದ್ದ ಕೊಂಬು ತಂತಿಯಲ್ಲಿ ಬೇಗ ಒಲಿಯಲಿಲ್ಲ. ಒಲಿದ ದಿನ ಊಟ ಮರೆತೆ. ಆಮೇಲೆ ಒಂದು ಹಸು, ಅದಕ್ಕೊಂದು ಕರು, ಹೀಗೆ ಅಂಗಡಿಯ ಹಿಂದಿನ ಕೋಣೆಯ ಹಲಗೆಯ ಮೇಲೆ ಪುಟ್ಟ ಮಂದೆಯೇ ಆಯಿತು. ಹೆಂಡತಿಯ ಹೊರತು ಯಾರಿಗೂ ತೋರಿಸಿರಲಿಲ್ಲ. ತೋರಿಸಬೇಕು ಅನ್ನಿಸಿರಲೂ ಇಲ್ಲ.

ಸಿಂಗಟಗೆರೆಯ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ನನ್ನ ಹಳೇ ಗಿರಾಕಿ. ಒಮ್ಮೆ ರಿಪೇರಿಯಾದ ಮೋಟಾರು ಒಯ್ಯಲು ಬಂದವರು ಕೈ ತೊಳೆಯಲು ಹಿಂದಿನ ಕೋಣೆಗೆ ಹೋದರು. ಹೊರಗೆ ಬಂದಾಗ ಕೈ ಒದ್ದೆಯಿರಲಿಲ್ಲ.

"ಸಾಬ್ರೇ, ಒಳಗಿರೋ ದನ ಯಾರ್ದು?"

"ನಾನೇ ಮಾಡಿದ್ದು."

"ಯಾರ್ಗೆ?"

"ಯಾರ್ಗೂ ಇಲ್ಲ. ಸುಮ್ನೆ."

"ಸುಮ್ಸುಮ್ನೆ ಯಾರಾದ್ರೂ ಇಷ್ಟು ಕೆಲ್ಸ ಮಾಡ್ತಾರೇನ್ರೀ?" ಎಂದು ನಕ್ಕರು. ನಕ್ಕ ಮೇಲೆ, ಅಷ್ಟು ವರ್ಷಗಳಲ್ಲಿ ಒಂದು ಸಲವೂ ಕೇಳದಿದ್ದ ಮಾತು ಕೇಳಿದರು: "ನಮ್ಮ ಹಳೇ ತಾಮ್ರ ಒಂದ್ಸಲ ತೂಕ ಹಾಕ್ಬಿಡಿ."

ತೂಕ ಹಾಕಿದೆ. ನಾನು ಸುತ್ತಿದ ಹೊಸ ತಂತಿಗಿಂತ ಸ್ವಲ್ಪ ಕಡಿಮೆ ಬಂತು. ಸುಟ್ಟ ಸುರುಳಿಯ ವಾರ್ನಿಷ್ ಉರಿದುಹೋಗಿ ಯಾವಾಗಲೂ ತೂಕ ಸ್ವಲ್ಪ ಇಳಿದಿರುತ್ತದೆ. ಅದನ್ನು ಹೇಳಲು ಬಾಯಿ ತೆರೆದೆ. ಹೇಳಿದರೆ ಕಳ್ಳನ ಸಮಜಾಯಿಷಿಯಂತೆ ಕೇಳಿಸುತ್ತದೆ ಅನ್ನಿಸಿ ಮುಚ್ಚಿಕೊಂಡೆ. ಅವರು ಜಗಳ ಆಡಲಿಲ್ಲ. ತಕ್ಕಡಿಯ ಮುಳ್ಳನ್ನು ನೋಡಿದರು, ನನ್ನನ್ನು ನೋಡಿದರು, ಚೀಲ ಹೆಗಲಿಗೇರಿಸಿಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಆ ಬೇಸಗೆಯಲ್ಲೇ ಅಂಗಡಿಯ ಗಾಳಿ ಬದಲಾಯಿತು. ಮೋಟಾರು ಇಳಿಸಿ ಸಂತೆಗೋ ಬ್ಯಾಂಕಿಗೋ ಹೋಗುತ್ತಿದ್ದವರು ಈಗ ಸ್ಟೂಲು ಎಳೆದುಕೊಂಡು ಎದುರಿಗೇ ಕೂರತೊಡಗಿದರು. "ನೀವು ಬಿಚ್ರಿ, ನಂಗೇನು ಅವಸರ ಇಲ್ಲ" ಎನ್ನುವರು. ಕಣ್ಣು ನನ್ನ ಕೈಮೇಲೆ. ಯಾರು ಯಾರಿಗೆ ಏನು ಹೇಳಿದ್ದಾರೆಂದು ನಾನೂ ಪ್ರತಿಯೊಬ್ಬರ ಮುಖದಲ್ಲಿ ಹುಡುಕುತ್ತಿದ್ದೆ. ಟೀ ಅಂಗಡಿಯಲ್ಲಿ ಬೆನ್ನ ಹಿಂದೆ ಒಂದು ಮಾತು ಬಂತು: "ಸಾಬ್ರು ದನ ಯಾಕ್ ಮಾಡ್ತಾರಂತೆ?" ನಾಲ್ಕೈದು ಜನ ನಕ್ಕರು. ಬರೀ ತಮಾಷೆಯೇ ಇದ್ದೀತು. ಆದರೂ ಆ ನಗುವಿನ ಒಳಗೆ ಬೇರೇನಿತ್ತೆಂದು ಮನೆ ತಲುಪುವವರೆಗೂ ಹೊರಳಿಸಿ ಹೊರಳಿಸಿ ನೋಡಿದೆ.

ಮಾತೇ ಬೇಡವೆಂದು ದನ ಮಾಡಲು ಪೇಟೆಯಿಂದ ಹೊಸ ತಂತಿ ಕೊಂಡು ತಂದೆ. ಅದು ಹೇಳಿದ ಮಾತು ಕೇಳಲಿಲ್ಲ. ಸುಟ್ಟ ತಾಮ್ರ ಮೆತ್ತಗಿರುತ್ತದೆ, ಬಾಗಿಸಿದಲ್ಲಿ ಬಾಗಿ ನಿಲ್ಲುತ್ತದೆ. ಅದರ ಮೈಮೇಲೆ ಕಪ್ಪು, ನೇರಳೆ, ಕಂದು ಎಲ್ಲ ಬೆರೆತಿರುತ್ತವೆ, ಥೇಟ್ ದನದ ಮೈಯಂತೆ. ಹೊಸ ತಂತಿಯ ಹೋರಿ ಅಂಗಡಿ ಬೊಂಬೆಯ ಹಾಗೆ ಹೊಳೆಯಿತು. ಬಿಚ್ಚಿಹಾಕಿದೆ.

ಉಪಾಯ ಹೇಳಿದವಳು ಹೆಂಡತಿ. "ಬಚ್ಚಿಡೋದಕ್ಕೇ ಜನ ಹಿಂಗಂತಾರೆ. ಒಂದನ್ನ ಮುಂದೆ ತೂಗುಹಾಕಿ, ಎಲ್ರೂ ನೋಡ್ಲಿ" ಎಂದು ಮನೆಯಲ್ಲಿ ನಾವಾಡುವ ದಖ್ಖನಿಯಲ್ಲಿ ಹೇಳಿದಳು. ದೊಡ್ಡ ಹೋರಿಯನ್ನು ಬಾಗಿಲ ಮೇಲೆ ಕಟ್ಟಿದೆ. ಜನ ಹೊಗಳತೊಡಗಿದರು. ಅದು ಇನ್ನೊಂದು ಕಾಟವಾಯಿತು. ಬೈಗುಳದಲ್ಲಿ ಏನಿದೆಯೆಂದು ಗೊತ್ತಾಗುತ್ತದೆ, ಹೊಗಳಿಕೆಯಲ್ಲಿ ಗೊತ್ತಾಗುವುದಿಲ್ಲ. "ಏನ್ ಕೈಯಪ್ಪಾ ನಿಮ್ದು!" ಎಂದವನು ಬೆನ್ನಿಗೇ "ಕೂಲಿ ಸ್ವಲ್ಪ ನೋಡ್ಕಳಿ" ಎಂದರೆ ಯಾವುದನ್ನು ನಂಬುವುದು? ಅದಕ್ಕಿಂತ ಕೆಟ್ಟದ್ದೆಂದರೆ, ದಾರಿಯಲ್ಲಿ ಹೋಗುವವರು ತಲೆ ಎತ್ತಿ ನೋಡಿದರೋ ಇಲ್ಲವೋ ಎಂದು ನಾನು ಕೆಲಸ ಬಿಟ್ಟು ನೋಡತೊಡಗಿದ್ದೆ.

ಯಾರೋ ಮೊಬೈಲಿನಲ್ಲಿ ತೆಗೆದ ಫೋಟೋ ಎಲ್ಲೆಲ್ಲಿಗೋ ಹೋಗಿ, ಹೆಬ್ಬೆ ಕಡೆಯ ಬೆಟ್ಟದಲ್ಲಿ ರೆಸಾರ್ಟ್ ನಡೆಸುವವರೊಬ್ಬರು ಕಾರಿನಲ್ಲಿ ಬಂದಿಳಿದರು. ಪ್ರತಿ ರೂಮಿಗೂ ಒಂದೊಂದು ಹೋರಿ ಬೇಕಂತೆ. ಒಳ್ಳೆಯ ದರವನ್ನೇ ಹೇಳಿದರು. "ಕೊಂಬು ಮಾತ್ರ ಸ್ವಲ್ಪ ಗಿಡ್ಡ ಮಾಡಿ. ಗೆಸ್ಟ್‌ಗಳಿಗೆ ಚುಚ್ಚಬಾರದು, ನೋಡಿ" ಎಂದರು. ನನಗೆ ತಿಳಿಯದ ಯಾವುದೋ ಲೆಕ್ಕ ಇವರ ತಲೆಯಲ್ಲಿದೆ ಎಂದುಕೊಂಡೇ ಹೂಂ ಎಂದೆ. ಹೂಂ ಎಂದದ್ದು ದುಡ್ಡಿಗೋ, ಅವರು ಕಾರಿನಲ್ಲಿ ಹುಡುಕಿಕೊಂಡು ಬಂದದ್ದಕ್ಕೋ, ಇವತ್ತಿಗೂ ಹೇಳಲಾರೆ.

ಮೂರು ಮಾಡಿದೆ. ತಂತಿ ಬಾಗಿಸುವಾಗಲೆಲ್ಲ ಆ ಮನುಷ್ಯನ ಮುಖ ಎದುರಿಗೆ ಬಂದು ನಿಲ್ಲುತ್ತಿತ್ತು. ಇದು ಅವರಿಗೆ ಹಿಡಿಸೀತೇ? ಕತ್ತು ಹೀಗಿದ್ದರೆ ಬೇಡವೆಂದಾರೇ? ಮುಗಿದ ಮೇಲೆ ಸಾಲಾಗಿ ನಿಲ್ಲಿಸಿ ಹೆಂಡತಿಯನ್ನು ಕರೆದೆ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನೋಡಿದಳು.

"ಚೆನ್ನಾಗವೆ. ಆದ್ರೆ ಎಲ್ಲವೂ ಫೋಟೋಗೆ ನಿಂತಂಗವೆ."

ನನಗೂ ಹಾಗೇ ಕಂಡಿತ್ತು. ಇನ್ನೊಬ್ಬರ ಬಾಯಿಂದ ಬರಲೆಂದು ಕಾದಿದ್ದೆನೇನೋ. ಮರುದಿನ ಫೋನು ಮಾಡಿ ಆಗುವುದಿಲ್ಲ ಎಂದೆ.

"ಬೇರೆ ರೆಸಾರ್ಟಿನವ್ರು ಎಷ್ಟು ಹೆಚ್ಚು ಕೊಡ್ತೀನಿ ಅಂದ್ರು?"

"ಯಾರೂ ಅಂದಿಲ್ಲ ಸಾರ್."

"ನೋಡಿ, ನಾನು ಬಿಸಿನೆಸ್ ಮಾಡೋನು. ನನ್ ಹತ್ರ ಯಾಕೆ ಈ ಆಟ?"

ಸುದ್ದಿ ಊರಿಗೂ ಮುಟ್ಟಿತು. ಬಂದ ಆರ್ಡರು ಬಿಟ್ಟನಂತೆ ಎಂದರೆ ಇವನಿಗೆ ಬೇರೆ ಏನೋ ಗಿಟ್ಟುತ್ತದೆ ಎಂದೇ ಅರ್ಥ. "ಏನಪ್ಪಾ, ಒಳಗೆ ಬೇರೆ ವ್ಯವಹಾರ ಐತಾ?" ಎಂದು ಪಕ್ಕದ ಹಾರ್ಡ್‌ವೇರ್ ಅಂಗಡಿಯವನು ಕಣ್ಣು ಮಿಟುಕಿಸಿದ. ನಾನು ಬಾಗಿಲ ಮೇಲಿನ ಹೋರಿಯನ್ನು ಬಿಚ್ಚಿ ಒಳಗೆ ತಂದಿಟ್ಟೆ. ಅದನ್ನೂ ಅವನು ನೋಡಿದ.

ಈಗ ನೆಲಕ್ಕೆ ಬಿದ್ದ ಚೂರನ್ನೂ ಗಿರಾಕಿಯ ಎದುರಿಗೇ ಗುಡಿಸಿ ಅವರ ಚೀಲಕ್ಕೆ ಹಾಕುತ್ತೇನೆ. ನನಗೆ ಬೇಕಾದ ತಾಮ್ರಕ್ಕೆ ಬೀರೂರಿನ ಗುಜರಿ ಅಂಗಡಿಯಿಂದ ಒಂದು ಸತ್ತ ಮೋಟಾರನ್ನೇ ಕೊಂಡುತಂದೆ. ಅದರ ಒಳಗಿನದೆಲ್ಲ ನನ್ನದು, ಯಾರೂ ತೂಗಿ ಕೇಳುವ ಹಾಗಿಲ್ಲ. ಗುಜರಿಯವನು ಮಾತ್ರ ಅದನ್ನು ಲಗೇಜ್ ಆಟೋಗೆ ಹತ್ತಿಸುವಾಗ, "ಇದ್ರಲ್ಲಿ ಏನ್ ಸಿಗುತ್ತೆ ಅಂತ ತಗೊಂಡು ಹೋಯ್ತಿದೀರಾ, ನಂಗೂ ಹೇಳ್ರಲ್ಲಾ" ಎಂದ.

ಈ ಮಳೆಗಾಲದಲ್ಲಿ ಮಲಗಿದ ಹಸುವೊಂದನ್ನು ಮಾಡಲು ಹಿಡಿದಿದ್ದೇನೆ. ನಿಂತ ದನ ಸುಲಭ. ಮಲಗಿದ ದನದ ಭಾರವೆಲ್ಲ ಹೊಟ್ಟೆಯ ಒಂದು ಮಗ್ಗುಲಿಗೆ ಇಳಿಯಬೇಕು. ಮೊನ್ನೆ ಅದರಲ್ಲೇ ಮುಳುಗಿದ್ದಾಗ ಬಾಗಿಲಲ್ಲಿ ಗಿರಾಕಿಯೊಬ್ಬರು ಕೆಮ್ಮಿದರು. ಥಟ್ಟನೆ ಹಸುವಿನ ಮೇಲೆ ಒರೆಸುವ ಬಟ್ಟೆ ಎಳೆದೆ. ಎಳೆದದ್ದನ್ನು ಅವರು ನೋಡಿದರು. ಮುಚ್ಚಿದ್ದು ಹಸು ಕಾಣದಿರಲೆಂದೋ, ಅದೇನೆಂದು ಅವರು ಕೇಳಲೆಂದೋ? ನನ್ನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಅವರು ಏನೂ ಕೇಳಲಿಲ್ಲ. ಕೆಪ್ಯಾಸಿಟರ್ ತೆಗೆದುಕೊಂಡು ಹೋದರು. ಬಟ್ಟೆ ಸರಿಸಿ ನೋಡಿದರೆ ಹಿಂಗಾಲು ಅವಸರಕ್ಕೆ ಸೊಟ್ಟಗಾಗಿತ್ತು. ಅದನ್ನು ಮೆಲ್ಲಗೆ ನೇರ ಮಾಡಿ ಮತ್ತೆ ಹೊಟ್ಟೆಯಡಿಗೆ ಮಡಿಸತೊಡಗಿದೆ.