ಕನ್ನಡಿಯಲ್ಲಿ ಹಾದುಹೋದ ಉಲ್ಕೆ

ಆ ಬೀದಿಯ ಕಟಿಂಗ್ ಶಾಪ್ ಯಜಮಾನನಿಗೆ ಬುರುಡೆ ಮಾಮ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಅವನ ಬಾಯಿಗೆ ಬಿದ್ದ ಇಲಿ ಹುಲಿಯಾಗಿ ಹೊರಬರುತ್ತಿತ್ತು. ಗಿರಾಕಿಗಳು ಹೂಂಗುಟ್ಟುತ್ತಿದ್ದರು, ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಯಾರು ತಾನೇ ವಾದಕ್ಕಿಳಿಯುತ್ತಾರೆ? ಮನೆಯಲ್ಲಿ ಹೆಂಡತಿ ಮಾತ್ರ ಅವನು ಬಾಯಿ ತೆರೆದ ಕೂಡಲೇ ಪಾತ್ರೆ ತೊಳೆಯಲು ಎದ್ದುಬಿಡುತ್ತಿದ್ದಳು. ಒಮ್ಮೆಯಾದರೂ ಅವಳು ಕೂತು ಕೇಳಬೇಕು, ಕೇಳಿ ನಂಬಬೇಕು ಎಂಬ ಆಸೆ ಅವನಿಗೆ ಬಹಳವಿತ್ತು.

ಅವತ್ತು ಸಂಜೆ ಟೈಲರ್‌ನ ಮುಖಕ್ಕೆ ನೊರೆ ಹಚ್ಚಿ ಒಂದು ಕೆನ್ನೆ ಮುಗಿಸಿದ್ದ. ಬೆನ್ನು ಬೀದಿಗೆ, ಕಣ್ಣು ಕನ್ನಡಿಗೆ. ಗಿರಾಕಿಯ ಮುಖವನ್ನು ನೇರವಾಗಿ ನೋಡುವ ಅಭ್ಯಾಸ ತಪ್ಪಿ ಯಾವ ಕಾಲವಾಯಿತೋ. ಇದ್ದಕ್ಕಿದ್ದಂತೆ ಬಾಗಿಲಾಚೆಯ ಆಕಾಶದಲ್ಲಿ ಹಸಿರು ಬೆಂಕಿಯ ಉಂಡೆಯೊಂದು ಬಾಲ ಎಳೆದುಕೊಂಡು ಹೋಯಿತು. ಅಂಗಡಿಯೆಲ್ಲ ಬೆಳಗಿತು. ಟೈಲರ್ ಗೊರಕೆ ಹೊಡೆಯುತ್ತಿದ್ದ.

ಬುರುಡೆ ಮಾಮ ಬೀದಿಗೆ ಓಡಿದ. "ಉಲ್ಕೆ ನೋಡಿದ್ರಾ? ಬಲಗಡೆ ಟ್ಯಾಂಕ್ ಕಡೆಯಿಂದ ಬಂದು ಎಡಗಡೆ ಅಂಚೆ ಕಚೇರಿ ಹಿಂದೆ ಇಳೀತು."

"ಉಲ್ಟಾ ಹೇಳ್ತಿದ್ದೀಯಲ್ಲಪ್ಪ," ಅಂದ ಪಕ್ಕದ ದಿನಸಿ ಅಂಗಡಿಯವನು. "ಬೀದಿಗೆ ಬೀದೀನೇ ನೋಡಿದೆ. ಅಂಚೆ ಕಚೇರಿಯಿಂದ ಟ್ಯಾಂಕ್ ಕಡೆಗೆ ಹೋಯ್ತು. ನೀನು ನೋಡೇ ಇಲ್ಲ, ಸುಮ್ನೆ ಬಿಡ್ತಿದ್ದೀಯ."

ಎಲ್ಲರೂ ನಕ್ಕರು. ಏನನ್ನೂ ನೋಡದ ಟೈಲರ್ ಕೂಡ ಅರ್ಧ ಗಡ್ಡದಲ್ಲೇ ಬಾಗಿಲಿಗೆ ಬಂದು ನಕ್ಕ. ಸುಳ್ಳು ಹೇಳಿ ನಗಿಸಿದ್ದು ಬೇಕಾದಷ್ಟಿತ್ತು. ನಿಜ ಹೇಳಿ ನಗೆಪಾಟಲಾದದ್ದು ಇದೇ ಮೊದಲು. ಅವನಿಗೆ ನಿಜಕ್ಕೂ ಸಂಕಟವಾಯಿತು.

ಊಟಕ್ಕೆ ಕರೆಯಲು ಹೆಂಡತಿ ಬಂದಾಗ ಅವನಿನ್ನೂ ಖಾಲಿ ಕುರ್ಚಿಯ ಹಿಂದೆ ನಿಂತಿದ್ದ. ಬಟ್ಟೆ ತೆಗೆಯಲು ಮಹಡಿಗೆ ಹೋಗಿದ್ದ ಅವಳೂ ಉಲ್ಕೆ ನೋಡಿದ್ದಳು. ಗಂಡ ದಿಕ್ಕನ್ನು ಉಲ್ಟಾ ಹೇಳಿದ್ದೂ ಬೀದಿಯವರು ನಕ್ಕದ್ದೂ ಅವಳ ಕಿವಿಗೆ ಬಿದ್ದಿತ್ತು.

"ಅದು ಹೋದಾಗ ನೀವೆಲ್ಲಿ ನಿಂತಿದ್ರಿ?"

"ಇನ್ನೆಲ್ಲಿ, ಇಲ್ಲೇ."

ಅವಳು ಕುರ್ಚಿಯಲ್ಲಿ ಕೂತಳು. ಕನ್ನಡಿಯಲ್ಲಿ ಸೈಕಲ್ಲೊಂದು ಬಲದಿಂದ ಎಡಕ್ಕೆ ಹೊರಟಿತು. ತಿರುಗಿ ಬೀದಿ ನೋಡಿದರೆ ಅದೇ ಸೈಕಲ್ ಎಡದಿಂದ ಬಲಕ್ಕೆ ಹೋಗುತ್ತಿತ್ತು.

"ಕನ್ನಡೀಲಿ ನೋಡಿದ್ದೀರಿ ನೀವು," ಅಂದಳು. "ಬೇರೆಯವರಿಂದ ಕೇಳಿ ಹೇಳಿದ್ರೆ ಅವರ ಥರಾನೇ ಹೇಳ್ತಿದ್ರಿ. ನಿಜಾನೇ ಹೇಳಿದ್ದೀರಿ. ಬಾಲ ಎಷ್ಟು ಉದ್ದ ಇತ್ತು?"

ಕೇಳಿ ಅವಳು ಏಳಲಿಲ್ಲ, ಕೂತೇ ಇದ್ದಳು. ಬುರುಡೆ ಮಾಮನ ನಾಲಿಗೆಯ ತುದಿಗೆ ಮೈಲುಗಟ್ಟಲೆ ಬಾಲ ಬಂದು ನಿಂತಿತ್ತು. ಅವನು ಅದನ್ನು ನುಂಗಿಕೊಂಡ.

"ಪೂರ್ತಿ ಕಾಣ್ಲಿಲ್ಲ ಕಣೇ. ಅಷ್ಟರಲ್ಲಿ ಕನ್ನಡಿ ಮುಗಿದುಹೋಯ್ತು."