ರೇಡಿಯೇಟರಿಗೆ ಚೊಂಬಿನ ನೀರು

ನಮ್ಮ ಊರಿನಲ್ಲಿ ಜೀಪು ತೊಳೆಯಲಿಕ್ಕೆ ದುಡ್ಡು ಕೊಡುವವರು ಯಾರೂ ಇಲ್ಲದ ಕಾಲ ಅದು. ಈಗ ಸವಣೂರಿನಿಂದ ಕಡಬಕ್ಕೆ ಹೋಗುವ ದಾರಿಯಲ್ಲೇ ಅಲ್ಲಲ್ಲಿ ‘ವಾಟರ್ ಸರ್ವಿಸ್’ ಎಂಬ ಬೋರ್ಡು ಕಾಣುತ್ತದೆ. ಬಿಳಿ ನೊರೆ ಹೊದ್ದ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಆಗ ಗಾಡಿ ತೊಳೆಯುವುದೆಂದರೆ ತೋಡಿನ ನೀರು, ತೆಂಗಿನ ನಾರು ಮತ್ತು ಮನೆಯ ಮಕ್ಕಳು. ನಮ್ಮ ಮನೆಯಲ್ಲಿ ಮಕ್ಕಳು ಎಂದರೆ ನಾನೊಬ್ಬಳೇ. ನಿಮ್ಮಲ್ಲಿಯೂ ಹೀಗೆ ಗಾಡಿಯ ಅಡಿಗೆ ತಲೆ ತೂರಿಸಿ ರಜೆ ಕಳೆದವರು ಇರಬಹುದು. ಇದ್ದರೆ ನನ್ನ ಸಿಟ್ಟು ನಿಮಗೆ ಬೇಗ ಅರ್ಥವಾದೀತು.

ಜೀಪು ದಿನೇಶ ಮಾವನದ್ದು. ಮಾವ ಎಂದರೆ ಅವ್ವನ ತಮ್ಮ. ಅವರ ಮನೆ ನಮ್ಮ ಮನೆಯಿಂದ ಮೇಲೆ, ಗುಡ್ಡೆಯ ಬದಿಯಲ್ಲಿ. ಅಲ್ಲಿ ಜಾಗ ಇಲ್ಲವೆಂದು ಜೀಪು ನಮ್ಮ ಅಂಗಳದಲ್ಲೇ ನಿಲ್ಲುತ್ತಿತ್ತು. ವಾರವಿಡೀ ಅದು ಗೊಬ್ಬರದ ಚೀಲ, ಸಿಮೆಂಟು, ಮದುವೆ ಮನೆಯ ಪಾತ್ರೆ ಹೊರುವ ಸಭ್ಯ ಗಾಡಿ. ಮಳೆಗಾಲದ ಭಾನುವಾರ ಮಾತ್ರ ಮಾವನೂ ಅವರಂಥ ನಾಲ್ಕೈದು ಜನರೂ ತಮ್ಮ ಜೀಪುಗಳನ್ನು ತೆಗೆದುಕೊಂಡು ಗುಡ್ಡೆ, ಹೊಳೆಬದಿ, ಬೇಸಾಯ ಬಿಟ್ಟ ಗದ್ದೆ ಎಂದು ಕೆಸರು ಹುಡುಕಿಕೊಂಡು ಹೋಗುತ್ತಿದ್ದರು. ದಾರಿ ಇರುವಲ್ಲಿ ಹೋಗುವುದು ಅವರಿಗೆ ಅವಮಾನ.

ನಾನು ಏಳನೇ ಕ್ಲಾಸಿನಲ್ಲಿದ್ದ ಆ ಮಳೆಗಾಲ ಪೂರ್ತಿ ಆ ಜೀಪು ತೊಳೆದೆ. ಭಾನುವಾರ ಸಂಜೆ ಬರುವಾಗ ಅದರ ಬಣ್ಣ ಯಾವುದೆಂದು ಹೇಳಲಿಕ್ಕಾಗುತ್ತಿರಲಿಲ್ಲ. ನಮ್ಮ ಕೆಮ್ಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಹಸಿ ಇದ್ದಾಗ ಬೆಣ್ಣೆ, ಒಣಗಿದರೆ ಸಿಮೆಂಟು. ಮಡ್‌ಗಾರ್ಡಿನ ಒಳಗೆ, ಸ್ಪ್ರಿಂಗ್ ಪ್ಲೇಟುಗಳ ಸಂದಿಯಲ್ಲಿ, ಬ್ರೇಕ್ ಡ್ರಮ್ಮಿನ ಹಿಂದೆ, ಸೀಟಿನ ಅಡಿಯಲ್ಲಿ, ಎಲ್ಲ ಕಡೆ ಅದೇ. ಕಾಲಿಡುವ ಜಾಗದಲ್ಲಿ ರಕ್ತ ಹೀರುವ ಉಂಬಳಗಳು ಬೇರೆ. ಒದ್ದೆ ರೆಕ್ಸಿನ್, ಡೀಸೆಲ್, ಗಂಡಸರ ಬೆವರು ಸೇರಿದ ಆ ವಾಸನೆ ಸೋಮವಾರ ಶಾಲೆಯಲ್ಲೂ ನನ್ನ ಕೈಯಿಂದ ಹೋಗುತ್ತಿರಲಿಲ್ಲ. ಅವ್ವ ಅಂಟುವಾಳದ ನೊರೆಯಲ್ಲಿ ತಿಕ್ಕಿ ತಿಕ್ಕಿ ಬೈಯುತ್ತಿದ್ದರು. ಬೈಗಳು ನನಗೆ, ಅವರ ತಮ್ಮನಿಗೆ ಚಾ.

ತೊಳೆಯುವ ಕೆಲಸದಲ್ಲಿ ನನ್ನ ದೊಡ್ಡ ಬಲ ಅಪ್ಪನ ಮದ್ದಿನ ಪಂಪು. ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು ಸುಣ್ಣದ ಮದ್ದು ಬಿಡುವ, ಎಂಜಿನ್ ಇರುವ ಪಂಪು. ಮದ್ದು ಬಿಟ್ಟಾದ ಮೇಲೆ ಪೈಪಿನಲ್ಲಿ ಸುಣ್ಣ ಕಟ್ಟದ ಹಾಗೆ ಬರೀ ನೀರು ಓಡಿಸಬೇಕು. ಆ ನೀರನ್ನು ಸುಮ್ಮನೆ ಯಾಕೆ ಚೆಲ್ಲುವುದು ಎಂದು ಜೀಪಿಗೆ ಬಿಡುವುದು ನಮ್ಮ ಕಡೆಯ ರೂಢಿ. ಮೊದಲು ಬರುವ ನೀಲಿ ನೀರು ಚರಂಡಿಗೆ, ಆಮೇಲಿನದ್ದು ಗಾಡಿಗೆ. ತೆಂಗಿನ ಮರದ ತುದಿ ಮುಟ್ಟುವ ಆ ನೀರಿನ ಮುಂದೆ ಯಾವ ಕೆಸರೂ ನಿಲ್ಲುತ್ತಿರಲಿಲ್ಲ. ಉಳಿದದ್ದಕ್ಕೆ ನಾರು, ಸೋಪಿನ ಪುಡಿ, ಹಳೇ ಹಲ್ಲುಜ್ಜುವ ಬ್ರಷ್. ಅಡಿಭಾಗಕ್ಕೆ ಸುಟ್ಟ ಆಯಿಲ್. ಒಮ್ಮೆ ಹೊಳೆಯಲಿ ಎಂದು ಟಯರಿಗೆ ತೆಂಗಿನೆಣ್ಣೆ ಹಚ್ಚಿ ಅವ್ವನ ಕೈಯಿಂದ ಪೆಟ್ಟು ತಿಂದೆ.

ಬುಧವಾರದ ಹೊತ್ತಿಗೆ ಜೀಪು ಹಸಿರಾಗಿ ಹೊಳೆಯುತ್ತಿತ್ತು. ಭಾನುವಾರ ಮತ್ತೆ ಅದೇ ಕೆಸರಿನ ಮುದ್ದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎನ್ನುತ್ತಾರಲ್ಲ, ನನ್ನ ಆ ವರ್ಷದ ಶ್ರಮ ಪೂರ್ತಿ ಅದೇ. ನಾನು ತೊಳೆದ ಜೀಪನ್ನು ನೋಡಬೇಕಾದವರು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಕೆಸರಾದ ಮೇಲೆ ನೋಡಿ ‘ಏನು ಗಾಡಿ ಮಾರಾಯ’ ಎಂದು ಮಾವನ ಬೆನ್ನು ತಟ್ಟುತ್ತಿದ್ದರು. ನನಗೆ ಅಳು ಬರುವಷ್ಟು ಕೋಪ ಬರುತ್ತಿತ್ತು.

ಆದರೂ ಬಿಡಲಿಲ್ಲ. ಕಾರಣ ಎಡಗಡೆಯ ಸೀಟು. ಮಳೆಗಾಲದ ಕೊನೆಗೆ ಕಡಬದ ಹತ್ತಿರದ ಒಂದು ಗುಡ್ಡೆಯಲ್ಲಿ ಜೀಪುಗಳ ಸ್ಪರ್ಧೆ ಇತ್ತು. ಕೆಲಸ ತಪ್ಪಿಸದಿದ್ದರೆ ಆ ದಿನ ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತೇನೆಂದು ಮಾವ ಮಾತು ಕೊಟ್ಟಿದ್ದರು. ಹೆಣ್ಣುಮಕ್ಕಳು ಆ ಗುಡ್ಡೆಗೆ ನೋಡಲಿಕ್ಕೂ ಹೋಗುತ್ತಿರಲಿಲ್ಲ.

ಇನ್ನೊಬ್ಬರ ವಿಷಯ ಹೇಳಬೇಕು. ಸವಣೂರಿನಲ್ಲಿ ತಗಡಿನ ಶೆಡ್ ಹಾಕಿಕೊಂಡಿದ್ದ ಮೆಕ್ಯಾನಿಕ್ ಹಮೀದಾಕ. ಮಾವನ ಜೀಪಿಗೆ ಅವರದ್ದಲ್ಲದೆ ಬೇರೆಯವರ ಪಾನ, ಅಂದರೆ ಸ್ಪ್ಯಾನರು, ತಾಗಿದ್ದೇ ಇಲ್ಲ. ಇಬ್ಬರೂ ಒಂದೇ ವಯಸ್ಸಿನವರು, ಯಾವಾಗಲೂ ಜಗಳ. ಗೇರ್ ಹಾಕುವ ವಿಷಯಕ್ಕೆ, ಟಯರಿನ ಗಾಳಿಯ ವಿಷಯಕ್ಕೆ, ಏನೂ ಸಿಗದಿದ್ದರೆ ಮೀನಿನ ರುಚಿಯ ವಿಷಯಕ್ಕೆ. ಜಗಳದ ನಡುವೆ ಲಿಂಬೆ ಹಿಂಡಿದ ಸುಲೈಮಾನಿ ಚಾ ಬರುತ್ತಿತ್ತು, ನನಗೂ ಒಂದು ಗ್ಲಾಸು. ಜೀಪು ತೊಳೆಯುವುದನ್ನು ಕೆಲಸ ಎಂದು ಗೌರವಿಸಿದವರು ಅವರೊಬ್ಬರೇ. ಗ್ರೀಸ್ ನಿಪ್ಪಲಿನ ತಲೆ ಒರೆಸದೆ ಗ್ರೀಸ್ ಹೊಡೆಯಬಾರದು, ಬಿಸಿ ಎಂಜಿನ್ನಿಗೆ ತಣ್ಣೀರು ಹಾಕಬಾರದು ಎಂದು ಒಂದೊಂದೇ ಕಲಿಸಿದರು. ರೇಡಿಯೇಟರಿನ ಮುಂದೆ ನಿಲ್ಲಿಸಿ, ಅದರ ಮುಖದಲ್ಲಿ ಸಾಲಾಗಿ ನಿಂತ ಕಾಗದದಷ್ಟು ತೆಳುವಾದ ತಗಡಿನ ಎಲೆಗಳನ್ನು ತೋರಿಸಿದ್ದರು. ಆ ಎಲೆಗಳ ನಡುವೆ ಗಾಳಿ ನುಗ್ಗಿದರೆ ಮಾತ್ರ ಎಂಜಿನ್ ತಣ್ಣಗಿರುತ್ತದೆ.

“ಇದಕ್ಕೆ ಪಂಪು ತೋರಿಸ್ಲಿಕ್ಕಿಲ್ಲ ಮೋಳೆ. ಚೊಂಬಿನಲ್ಲಿ ನೀರು ಹೊಯ್ಯುದು, ಅಷ್ಟೇ” ಎಂದಿದ್ದರು. ಮೋಳೆ ಎಂದರೆ ಅವರ ಮನೆಮಾತಿನಲ್ಲಿ ಮಗಳೇ ಎಂದು.

ಸ್ಪರ್ಧೆಗೆ ಎರಡು ದಿನ ಇರುವಾಗ ರೇಡಿಯೇಟರಿನಲ್ಲಿ ಸಣ್ಣ ಸೋರಿಕೆ ಕಂಡಿತು. ಹಮೀದಾಕ ಅದನ್ನು ಬಿಚ್ಚಿ, ಬೆಸುಗೆ ಹಾಕಿ, ಮತ್ತೆ ಕೂರಿಸಿಕೊಟ್ಟರು. ಶನಿವಾರ ಮಧ್ಯಾಹ್ನ ಮಾವ ಜೀಪು ತಂದು ನಿಲ್ಲಿಸಿದಾಗ ದಾರಿಯ ಕೆಸರು ಹಾರಿ ಮೂತಿಯೆಲ್ಲ ಕೆಂಪಾಗಿತ್ತು. ನನ್ನ ಬುಧವಾರದ ಕೆಲಸ ಅಲ್ಲಿಗೆ ಮುಗಿಯಿತು. ನೀರು ಹಾಕಬೇಡ, ಎಲ್ಲ ಸರಿ ಮಾಡಿ ಇಟ್ಟಿದೆ, ಬೇಕಾದರೆ ಬಟ್ಟೆಯಲ್ಲಿ ಒರೆಸು, ಹೇಗೂ ನಾಳೆ ಕೆಸರೇ ಅಲ್ಲವಾ ಎಂದು ಹೇಳಿ ಅವರು ಪುತ್ತೂರಿಗೆ ಹೋದರು.

ಹೇಗೂ ನಾಳೆ ಕೆಸರೇ. ಆ ಮಾತು ನನ್ನನ್ನು ಉರಿಸಿತು. ಒಂದೇ ಒಂದು ದಿನ, ಸ್ಪರ್ಧೆ ಶುರುವಾಗುವ ಗೆರೆಯಲ್ಲಿ ನಿಲ್ಲುವಾಗ, ನೂರಾರು ಜನರ ಎದುರು ಆ ಜೀಪು ನಾನು ತೊಳೆದ ಹಾಗೆ ಇರಬೇಕು ಎಂದು ನನಗೆ ಅನಿಸಿದ್ದು ತಪ್ಪಾ? ಅಪ್ಪ ಬೆಳಿಗ್ಗೆ ಮದ್ದು ಬಿಟ್ಟು, ಪೈಪಿಗೆ ನೀರು ಓಡಿಸಿಬಿಡು ಎಂದು ನನಗೇ ಹೇಳಿ ಮಲಗಿದ್ದರು. ಪಂಪು ಸ್ಟಾರ್ಟ್ ಮಾಡಿದೆ. ಬಾಗಿಲು, ಬಾನೆಟ್ಟು, ಚಕ್ರ ಆಯಿತು. ಮುಂಭಾಗದ ಜಾಲರಿಯ ಹಿಂದೆ ರೇಡಿಯೇಟರಿಗೆ ಕೆಸರು ಹತ್ತಿದ್ದು ಕಂಡಿತು. ಚೊಂಬು ತರಲಿಕ್ಕೆ ಒಳಗೆ ಹೋದರೆ ಅವ್ವ ಬೇರೆ ಕೆಲಸ ಹೇಳುತ್ತಾರೆ. ಪೈಪಿನ ತುದಿಯ ಗನ್ನನ್ನು ಜಾಲರಿಗೇ ತಾಗಿಸಿ ಹಿಡಿದೆ.

ಕೆಸರು ಹೋಯಿತು. ರೇಡಿಯೇಟರ್ ತಟ್ಟೆಯ ಹಾಗೆ ಫಳಫಳ ಹೊಳೆಯಿತು. ಎಷ್ಟು ಚೆನ್ನಾಗಿ ತೊಳೆದೆ ಎಂದು ನಾನು ಹಿಗ್ಗಿದೆ. ಎಲೆಗಳೆಲ್ಲ ಮಡಚಿ ಒಂದರ ಮೇಲೊಂದು ಮಲಗಿದ್ದರಿಂದ ಹಾಗೆ ಹೊಳೆಯುತ್ತಿದೆ, ಇನ್ನು ಅದರಲ್ಲಿ ಗಾಳಿ ಹೋಗಲಿಕ್ಕೆ ಸಂದಿಯೇ ಇಲ್ಲ ಎಂದು ನನಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಮಾವ ಜೀಪಿಗೆ ಒಂದು ಸುತ್ತು ಬಂದು, ಬಟ್ಟೆಯಲ್ಲಿ ಒರೆಸಿಯೇ ಇಷ್ಟು ಚಂದ ಆಯಿತಾ ಎಂದು ಕೇಳಿದರು. ನಾನು ನಕ್ಕೆ. ಕಡಬದವರೆಗೆ ತಂಪು ಗಾಳಿ, ಸಣ್ಣ ಮಳೆ, ಏನೂ ಗೊತ್ತಾಗಲಿಲ್ಲ. ಗೆರೆಯಲ್ಲಿ ನಿಂತಾಗ ನಮ್ಮ ಜೀಪನ್ನು ಜನ ತಿರುಗಿ ನೋಡಿದರು. ತಲೆಗಿಂತ ದೊಡ್ಡ ಹೆಲ್ಮೆಟ್ಟಿನೊಳಗೆ ನನಗೆ ಕಣ್ಣು ತುಂಬಿ ಬಂತು. ಆ ಸಂತೋಷ ಹೆಚ್ಚೆಂದರೆ ಕಾಲು ಗಂಟೆಯದ್ದು.

ಮೂರನೇ ಏರಿನಲ್ಲಿ, ಸಣ್ಣ ಗೇರಿನಲ್ಲಿ ಒದ್ದಾಡುವಾಗ, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಎಂಜಿನ್ ಕುದಿದು ನಿಂತಿತು. ಮುಂದಿದ್ದವರು ಮಾವನೇ, ಗೆಲ್ಲುವವರೂ ಅವರೇ ಎಂದು ಎಲ್ಲರೂ ಹೇಳುತ್ತಿದ್ದರು. ಹಿಂದಿನ ಜೀಪುಗಳು ನಮ್ಮ ಮೇಲೆ ಕೆಸರು ಹಾರಿಸಿ ದಾಟಿ ಹೋದವು. ಸ್ಪರ್ಧೆ ನೋಡಲಿಕ್ಕೆ ಬಂದಿದ್ದ ಹಮೀದಾಕ ಓಡಿ ಬಂದು ಬಾನೆಟ್ ಎತ್ತಿ, ಜಾಲರಿ ತೆಗೆದು, ರೇಡಿಯೇಟರಿನ ಮೇಲೆ ಬೆರಳು ಆಡಿಸಿದರು. ಆಡಿಸಿದ ಕೂಡಲೇ ನನ್ನನ್ನು ನೋಡಿದರು. ನನಗೆ ಆಗ ಎಲ್ಲ ಅರ್ಥವಾಯಿತು.

“ಇದನ್ನು ತೊಳೆದದ್ದು ಯಾರು?” ಎಂದು ಕೇಳಿದರು.

ಮಾವ ಹೆಲ್ಮೆಟ್ ಕಿತ್ತು ಸೀಟಿನ ಮೇಲೆ ಎಸೆದರು. “ಯಾರೂ ತೊಳೀಲಿಲ್ಲ. ನಾನೇ ಬೇಡ ಹೇಳಿದ್ದು. ಇವಳು ಬಟ್ಟೆಯಲ್ಲಿ ಒರೆಸಿದ್ದು ಮಾತ್ರ. ಅಲ್ವಾ ಸೌಮ್ಯ?”

ಸುತ್ತ ಜನ. ಎಲ್ಲ ಗಂಡಸರು. ನಾನು “ಹೌದು” ಎಂದೆ.

ಅಷ್ಟೇ. ಬಿಚ್ಚಿ ಕೂರಿಸಿದವರು ಹಮೀದಾಕ, ಹಾಗಾದರೆ ಕೆಡಿಸಿದವರೂ ಅವರೇ ಎಂದು ಮಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅವರ ಎಂದಿನ ಜಗಳದ ಮಾತಾಗಿರಲಿಲ್ಲ ಅದು. ಹಮೀದಾಕ ಕೈ ಒರೆಸಿಕೊಂಡು, ಪಾನಗಳನ್ನು ಚೀಲಕ್ಕೆ ಹಾಕಿ, ಯಾರದೋ ಪಿಕಪ್ಪಿನಲ್ಲಿ ಹೊರಟು ಹೋದರು.

ಆಮೇಲೆ ಜೀಪು ಪುತ್ತೂರಿನ ಒಂದು ಗ್ಯಾರೇಜಿಗೆ ಹೋಗತೊಡಗಿತು. ಮಾವನ ಗೆಳೆಯರೂ ಒಬ್ಬೊಬ್ಬರಾಗಿ ಸವಣೂರಿನ ಶೆಡ್ಡು ಬಿಟ್ಟರು. ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಒಂದು ಸಂಜೆ ಶಾಲೆಯಿಂದ ನೇರ ಶೆಡ್ಡಿಗೆ ಹೋದೆ. ಹಮೀದಾಕ ಒಬ್ಬರೇ ಸ್ಟೂಲಿನ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

“ನೀರಿನ ಪೆಟ್ಟು ಬೇರೆ, ಪಾನದ ಪೆಟ್ಟು ಬೇರೆ. ನನಗೆ ಅವತ್ತೇ ಗೊತ್ತಾಗಿದೆ. ನೀನು ಹೇಳ್ಬೇಕಾದ್ದು ನನಗೆ ಅಲ್ಲ ಮೋಳೆ, ನಿನ್ನ ಮಾವನಿಗೆ.”

ಚಾ ಕೊಡಲಿಲ್ಲ. ನಾನು ನಾಳೆ ಹೇಳುತ್ತೇನೆ ಎಂದುಕೊಂಡೇ ಮನೆಗೆ ಬಂದೆ. ನಾಳೆಗಳು ತುಂಬಾ ಇದ್ದವು. ಮುಂದಿನ ವರ್ಷ ಅವರು ಶೆಡ್ ಮುಚ್ಚಿ, ಭಾವನ ಜೊತೆ ಗಲ್ಫಿಗೆ ಹೋದರೆಂದು ಕೇಳಿದೆ. ನಾನು ಮತ್ತೆ ಆ ಜೀಪು ತೊಳೆಯಲಿಲ್ಲ. ಮಾವ ಬೇಡ ಎನ್ನಲಿಲ್ಲ, ನನಗೇ ಕೈ ಬರಲಿಲ್ಲ.

ಮಾವನಿಗೆ ನಿಜ ಹೇಳಿದ್ದು ಎರಡು ವರ್ಷದ ಹಿಂದೆ. ನನಗೆ ಮದುವೆಯಾಗಿ ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ. ಅವರು, ಹಮೀದ ಊರಿಗೆ ಬಂದರೆ ಹೋಗಿ ಮಾತಾಡಬೇಕು ಎಂದರು. ಹಮೀದಾಕ ಬಂದರು, ಈಶ್ವರಮಂಗಲದಲ್ಲಿ ಮಗನ ಮನೆಯಲ್ಲಿದ್ದಾರೆಂದು ಸುದ್ದಿಯೂ ಬಂತು. ಮಾವ ಹೋಗಲಿಲ್ಲ. ಇವತ್ತು ಮಳೆ, ನಾಡಿದ್ದು ಮದುವೆ.

ಕಳೆದ ಡಿಸೆಂಬರಿನಲ್ಲಿ ಪುತ್ತೂರಿನಲ್ಲಿ ಔಷಧಿ ಅಂಗಡಿಯ ಎದುರು ಇಬ್ಬರೂ ಮುಖಾಮುಖಿಯಾದರು. ನಾನು ಮಾವನ ಜೊತೆಗಿದ್ದೆ. ಹಮೀದಾಕನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

“ಗಾಡಿ ಉಂಟಾ?” ಎಂದು ಕೇಳಿದರು.

“ಇಲ್ಲ, ಕೊಟ್ಟೆ” ಎಂದರು ಮಾವ.

ಟಯರಿಗೆ ಎಷ್ಟು ಗಾಳಿ ಬೇಕೆಂದು ಒಂದು ಇಡೀ ಮಧ್ಯಾಹ್ನ ಕಿತ್ತಾಡುತ್ತಿದ್ದ ಇಬ್ಬರಿಗೆ ಅದಕ್ಕಿಂತ ಹೆಚ್ಚು ಮಾತು ಸಿಗಲಿಲ್ಲ. ಸಕ್ಕರೆ ಕಾಯಿಲೆಯ ವಿಷಯ ಒಂದಿಷ್ಟು ಬಂತು, ಹೋಯಿತು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಮಾವನ ಮುಖವನ್ನೇ ನೋಡುತ್ತಿದ್ದೆ. ಅವರು ಬರುತ್ತೇನೆ ಎಂದು ಹೇಳಿ ಹೊರಟರು. ಹಮೀದಾಕ ನನ್ನತ್ತ ತಿರುಗಿ ತಲೆ ಆಡಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಕಾರಿನಲ್ಲಿ ಮನೆಯವರೆಗೂ ಮಾವನ ಜೊತೆ ನಾನು ಮಾತಾಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಎರಡು ಮಾತು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಒಳಗೊಳಗೇ ಬೈಯುತ್ತಿದ್ದೆ. ಗೇಟು ತೆಗೆಯಲಿಕ್ಕೆ ಇಳಿದಾಗ ನೆನಪಾಯಿತು, ಅಂಗಡಿಯ ಎದುರು ನಾನೂ ಇದ್ದೆ, ಬಾಯಿ ನನಗೂ ಇತ್ತು.